ಗಣಕಯಂತ್ರದ ಆರೋಗ್ಯ: ಆಂಟಿವೈರಸ್ ಕೊಳ್ಳುವ ಮುನ್ನ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಾಗಲಿ, ದೆಹಲಿಯ ನೆಹರೂ ಪ್ಲೇಸ್ ಆಗಲಿ, ಚೆನ್ನೈಯ ರಿಚಿ ಸ್ಟ್ರೀಟ್ ಆಗಲಿ, ಹೊಸ ಕಂಪ್ಯೂಟರ್ ಕೊಳ್ಳಹೋದ ಗೃಹಸ್ಥರಿಗೆ ಬಿಲ್ಲು ಬರೆಯುವ ಹೊತ್ತಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: "ಆಂಟಿವೈರಸ್ ಯಾವುದು ಹಾಕಲಿ?" ಬೇಕೆ ಬೇಡವೆ ಎಂದು ಯಾರೂ ಕೇಳುವುದಿಲ್ಲ, ಯಾವುದು ಎಂದಷ್ಟೇ ಕೇಳುತ್ತಾರೆ. ರೋಗದ ಹೆಸರು ಕಿವಿಗೆ ಬಿದ್ದ ಮೇಲೆ ಮದ್ದಿನ ಬೆಲೆಗೆ ಚೌಕಾಸಿ ಮಾಡುವವರು ವಿರಳ. ತರಕಾರಿಯವನೊಡನೆ ಎರಡು ರೂಪಾಯಿಗೆ ವಾದಿಸುವವರೂ ಇಲ್ಲಿ ಮೌನವಾಗಿ ಹಣ ತೆರುತ್ತಾರೆ. ಭಯವನ್ನು ಬಂಡವಾಳ ಮಾಡಿಕೊಂಡ ಈ ವ್ಯಾಪಾರವನ್ನು ಕೊಂಚ ವಿಮರ್ಶಿಸಿ ನೋಡುವುದು ಅವಶ್ಯ.

ವೈರಸ್ ಎಂಬ ಹೆಸರು ವೈದ್ಯಶಾಸ್ತ್ರದಿಂದ ಎರವಲು ಬಂದದ್ದು. ಜೀವಕೋಶವನ್ನು ಹೊಕ್ಕಲ್ಲದೆ ವೃದ್ಧಿಯಾಗದ ರೋಗಾಣುವಿನಂತೆ ಇದೂ ಮತ್ತೊಂದು ತಂತ್ರಾಂಶಕ್ಕೆ ಅಂಟಿಕೊಂಡು ತನ್ನ ಪ್ರತಿಗಳನ್ನು ಹಬ್ಬಿಸುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ರಚಿಸಿದ 'ಬ್ರೇನ್' ಫ್ಲಾಪಿಗಳ ಮೂಲಕ ದೇಶಾಂತರ ಸಂಚರಿಸಿತು. ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅವರು ಅದರೊಳಗೇ ಬರೆದಿಟ್ಟಿದ್ದರು! ಅಂಥ ಸೌಜನ್ಯ ಇಂದಿನ ದುಷ್ಕರ್ಮಿಗಳಲ್ಲಿ ಉಳಿದಿಲ್ಲ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬುದು ಅನೇಕ ದೇಶಗಳ ಕಂಪ್ಯೂಟರುಗಳಲ್ಲಿನ ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಗಮನಿಸತಕ್ಕ ಸಂಗತಿಯೆಂದರೆ, ಅದು ನುಸುಳಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಹೊರತಂದಿತ್ತು. ಹಾಕಿಸಿಕೊಂಡವರು ಪಾರಾದರು, 'ನಾಳೆ ನೋಡೋಣ' ಎಂದವರು ಸಿಕ್ಕಿಬಿದ್ದರು.

2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಕಾವಲುಗಾರ ವಿಂಡೋಸ್ ಕಂಪ್ಯೂಟರಿನೊಳಗೇ ಬರುತ್ತಾನೆ. ಬೇರೆ ಹಣ ಕೊಡಬೇಕಾಗಿಲ್ಲ. ಆರಂಭದಲ್ಲಿ ಅವನನ್ನು ಬಲ್ಲವರು ಲಘುವಾಗಿ ಕಂಡದ್ದುಂಟು. ಆದರೆ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಮೊದಲಾದ ಸ್ವತಂತ್ರ ಪರೀಕ್ಷಾ ಸಂಸ್ಥೆಗಳ ಇತ್ತೀಚಿನ ವರ್ಷಗಳ ಪರೀಕ್ಷೆಗಳಲ್ಲಿ ಅವನು ಬೆಲೆಯುಳ್ಳ ತಂತ್ರಾಂಶಗಳ ಸಾಲಿನಲ್ಲಿಯೇ ನಿಲ್ಲುತ್ತಿದ್ದಾನೆ. ಪತ್ರವ್ಯವಹಾರ, ಬ್ಯಾಂಕಿನ ಕೆಲಸ, ಮಕ್ಕಳ ಪಾಠ, ಊರಿನವರೊಡನೆ ಮುಖ ನೋಡಿ ಮಾತು, ಇಷ್ಟಕ್ಕೇ ಕಂಪ್ಯೂಟರನ್ನು ಬಳಸುವ ಸಾಮಾನ್ಯ ಕುಟುಂಬಕ್ಕೆ ಇಷ್ಟು ಕಾವಲು ಸಾಕು. ಆದರೆ ವಿಂಡೋಸ್ ಅಸಲಿಯಾಗಿರಬೇಕು, ನವೀಕರಣಗಳು ತಪ್ಪದೆ ಬರುತ್ತಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ದಾಸ್ತಾನು ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳುವುದು ಲೇಸು. ಕಳ್ಳ ಪ್ರತಿಯ ವಿಂಡೋಸ್ ಹಾಕಿಸಿ ಅದರ ಮೇಲೆ ದುಬಾರಿ ಆಂಟಿವೈರಸ್ ಕೂರಿಸುವುದು ಕೊಳಚೆ ನೀರು ಕುಡಿದು ಟಾನಿಕ್ಕು ಸೇವಿಸಿದಂತೆ.

ಕೆಲವು ಕಂಪ್ಯೂಟರುಗಳೊಡನೆ ಒಂದೆರಡು ತಿಂಗಳು ಮಾತ್ರ ನಡೆಯುವ ಬೇರೊಂದು ಆಂಟಿವೈರಸ್ 'ಉಚಿತ'ವಾಗಿ ಬಂದಿರುತ್ತದೆ. ಅದು ಇರುವ ತನಕ ಡಿಫೆಂಡರ್ ಹಿಂದೆ ಸರಿದು ನಿಲ್ಲುತ್ತಾನೆ. ಅವಧಿ ತೀರಿದ ಮೇಲೆ ಹೊಸ ರೋಗಗಳ ಪಟ್ಟಿ ಸಿಗದೆ ಅದು ಹೆಸರಿಗಷ್ಟೇ ಉಳಿದು, ದಿನಕ್ಕೊಮ್ಮೆ 'ಅಪಾಯ, ಅಪಾಯ' ಎಂದು ಕೂಗುತ್ತಿರುತ್ತದೆ. ನವೀಕರಿಸುವ ಮನಸ್ಸಿಲ್ಲದವರು ಅದನ್ನು ಪೂರ್ತಿ ತೆಗೆದುಹಾಕಬೇಕು. ಡಿಫೆಂಡರ್ ತಾನೇ ಕೆಲಸಕ್ಕೆ ಮರಳುತ್ತಾನೆ. ಭದ್ರತೆ ಹೆಚ್ಚಲೆಂದು ಬೇರೆ ಬೇರೆ ಕಂಪನಿಗಳ ಎರಡು ಆಂಟಿವೈರಸ್ ಹಾಕಿಸುವವರೂ ಇದ್ದಾರೆ. ಇಬ್ಬರು ವೈದ್ಯರ ಚೀಟಿಯ ಗುಳಿಗೆಗಳನ್ನು ಒಟ್ಟಿಗೆ ನುಂಗಿದರೆ ಏನಾಗುವುದೋ ಇಲ್ಲಿಯೂ ಅದೇ.

ಉಚಿತವಾಗಿ ಇಳಿಸಿಕೊಳ್ಳುವವುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಬೆಲೆಯನ್ನು ಬೇರೆ ರೂಪದಲ್ಲಿ ವಸೂಲು ಮಾಡುವುದುಂಟು. ಬಳಕೆದಾರರು ಯಾವ ಯಾವ ಜಾಲತಾಣ ನೋಡಿದರೆಂಬ ವಿವರವನ್ನು ಮಾರಿದ ಪ್ರಕರಣದಲ್ಲಿ ಅವಾಸ್ಟ್ ಸಂಸ್ಥೆ 1.65 ಕೋಟಿ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ವಿಧಿಸಿತು. ಕಾವಲಿಗಿಟ್ಟವನೇ ಮನೆಯ ಗುಟ್ಟನ್ನು ಬೀದಿಗೆ ಹಾಕಿದರೆ ಯಾರಿಗೆ ದೂರುವುದು?

ಹಾಗಾದರೆ ಹಣ ಕೊಟ್ಟು ಕೊಳ್ಳಬೇಕಾದವರು ಯಾರು? ಮನೆಯಲ್ಲಿಯೇ ಪರರ ಲೆಕ್ಕಪತ್ರ ಬರೆಯುವವರು, ಅಂಗಡಿ ಅಂಗಡಿಯ ಪೆನ್ ಡ್ರೈವ್ ತಂದು ಚುಚ್ಚಬೇಕಾದವರು, ಸಿಕ್ಕ ಆಟಗಳನ್ನೆಲ್ಲ ಇಳಿಸುವ ಮಕ್ಕಳುಳ್ಳವರು. ಅವರಿಗೆ ಕ್ಯಾಲ್ಕುಲೇಟರ್ ರಿಪೇರಿಯಿಂದ ಮೊದಲಾಗಿ ಪುಣೆಯಲ್ಲಿ ಬೆಳೆದ ಕ್ವಿಕ್ ಹೀಲ್, 1991ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ಕೆ7 ಮುಂತಾದ ಸ್ವದೇಶಿ ತಯಾರಿಕೆಗಳೂ ಉಂಟು. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ ಎರಡನೆಯ ವರ್ಷದ ಬೆಲೆ ಎಷ್ಟೆಂದು ಕೇಳುವ ಜಾಣ್ಮೆ ಇದ್ದರಾಯಿತು.

ಉಳಿದವರು ಆ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಹೊರ ಹಾರ್ಡ್ ಡಿಸ್ಕ್ ಕೊಳ್ಳುವುದು ಮೇಲು. ಹೊಟ್ಟೆಪಾಡಿಗೆ ಊರು ಬಿಟ್ಟುಬಂದ ಕುಟುಂಬಗಳ ಕಂಪ್ಯೂಟರಿನಲ್ಲಿ ಇರುವುದೇನು? ಮಾರಿಹೋದ ಹಿರಿಯರ ಮನೆಯ ಜಗಲಿಯ ಚಿತ್ರ, ತೀರಿಕೊಂಡ ತಾಯಿಯ ಧ್ವನಿ, ಜಮೀನಿನ ಪಹಣಿ, ತಂದೆಯ ಪಿಂಚಣಿ ಕಾಗದ. ಒತ್ತೆಹಣದವನು ಬೀಗ ಹಾಕಿದರೆ ಇವುಗಳ ಎರಡನೆಯ ಪ್ರತಿಯನ್ನು ಯಾವ ಆಂಟಿವೈರಸ್ಸೂ ತಂದುಕೊಡಲಾರದು. ತಿಂಗಳಿಗೊಮ್ಮೆ ನಕಲು ಮಾಡಿ, ತಂತಿ ಕಳಚಿ, ಕಪಾಟಿನಲ್ಲಿಟ್ಟ ಡಿಸ್ಕಿಗೆ ಆ ರೋಗ ತಗಲುವುದಿಲ್ಲ; ತಂತಿ ಚುಚ್ಚಿಯೇ ಬಿಟ್ಟಿದ್ದರೆ ಅದಕ್ಕೂ ತಗಲುತ್ತದೆ.

ಇನ್ನೂ ದೊಡ್ಡ ಗಂಡಾಂತರ ಬರುವುದು ದೂರವಾಣಿಯ ದಾರಿಯಿಂದ. ತೆರೆಯ ಮೇಲೆ ಹಠಾತ್ತನೆ ಕೆಂಪು ಫಲಕ ಮೂಡುತ್ತದೆ: 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆ ಮಾಡಿ.' ಕರೆ ಮಾಡಿದ ಹಿರಿಯರಿಂದ ಅವರೇ ಕೈಯಾರೆ ಒಂದು ತಂತ್ರಾಂಶ ಹಾಕಿಸಿ, ದೂರದಲ್ಲಿ ಕುಳಿತು ಖಾತೆ ಬರಿದು ಮಾಡುತ್ತಾರೆ. ಯಜಮಾನನೇ ಬಾಗಿಲು ತೆರೆದು ಒಳಗೆ ಕರೆದವನನ್ನು ಕಾವಲುಗಾರ ತಡೆಯುವ ಭರವಸೆಯಿಲ್ಲ. ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಯರಿಗೆ ಕಂಪ್ಯೂಟರ್ ಕೊಡಿಸುವ ಮಕ್ಕಳು ಆಂಟಿವೈರಸ್ ಹೆಸರನ್ನಲ್ಲ, ಅಂಥ ಫಲಕ ಕಂಡರೆ ಯಂತ್ರವನ್ನು ಆರಿಸಿ ಮಗನಿಗೋ ಮಗಳಿಗೋ ಫೋನು ಮಾಡತಕ್ಕದ್ದೆಂಬುದನ್ನು ಹೇಳಿಕೊಡಬೇಕು. ಹಣ ಹೋಗಿಯೇಬಿಟ್ಟಿದ್ದರೆ 1930 ಎಂಬ ಸರಕಾರಿ ಸಂಖ್ಯೆಗೆ ಆ ಗಳಿಗೆಯಲ್ಲೇ ತಿಳಿಸಬೇಕು; ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲಿ ತಡೆಹಿಡಿಯುವ ಸಂಭವ ಹೆಚ್ಚು. ಆ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಊರಿನ ಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ ಬರಲು ದೀಪಾವಳಿಯ ರಜೆ ಸಾಕು.