ಕೋಲಾಹಲದೊಳಗಣ ಲಯ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ, ಸಂತ ಸೇವಾಲಾಲರ ಜನ್ಮಭೂಮಿಯೆಂದು ಬಂಜಾರ ಸಮುದಾಯವು ಪೂಜಿಸುವ ಭಾಯಾಗಡದಲ್ಲಿ, ಪ್ರತಿವರ್ಷ ಫೆಬ್ರವರಿಯ ಮಧ್ಯಭಾಗದಲ್ಲಿ ನೆರೆಯುವ ಜಾತ್ರೆಗೆ ನಮ್ಮ ತಾಂಡಾಗಳಿಂದಲ್ಲದೆ ನೆರೆರಾಜ್ಯಗಳಿಂದಲೂ ಭಕ್ತಜನರು ತಂಡೋಪತಂಡವಾಗಿ ಬರುವರು. ನಗಾರಿಯೊಡನೆ ಕಂಚಿನ ತಟ್ಟೆಯನ್ನು ಬಾರಿಸುತ್ತ ಒಂದು ತಾಂಡಾದ ಮೇಳ ಇಲ್ಲಿ ಭಜನೆ ಮಾಡುತ್ತಿದ್ದರೆ, ನಾಲ್ಕು ಮಾರು ಆಚೆಗೆ ಮತ್ತೊಂದು ಮೇಳ ಬೇರೊಂದು ನಡೆಯಲ್ಲಿ ಹಾಡುತ್ತಿರುವುದು. ಎರಡರ ನಡುವೆ ನಿಂತವನ ಕಿವಿಗೆ ಮೊದಲು ಬೀಳುವುದು ಬರಿಯ ಕೋಲಾಹಲ. ಆದರೆ ಒಂದು ಮೇಳದ ಬಳಿಸಾರಿ, ತಟ್ಟೆಯ ಪೆಟ್ಟೊಂದನ್ನೇ ಹಿಡಿದು ಕೇಳತೊಡಗಿದೆವೆಂದರೆ ಆ ಗದ್ದಲದೊಳಗಿಂದಲೇ ನಿಯಮಬದ್ಧವಾದ ಲಯವೊಂದು ಸ್ಪಷ್ಟವಾಗುತ್ತದೆ. ಈ ಬಗೆಯ ಶ್ರವಣಶ್ರದ್ಧೆಯುಳ್ಳವರು ಪಾಶ್ಚಾತ್ಯರ ಅತ್ಯಂತ ಕರ್ಕಶವೆನಿಸಿದ ಸಂಗೀತಪ್ರಕಾರವೊಂದನ್ನೂ ನಿರ್ಭಯವಾಗಿ ಪರಾಮರ್ಶಿಸಬಹುದೆಂಬುದು ನನ್ನ ನಂಬಿಕೆ.

ಆ ಪ್ರಕಾರಕ್ಕೆ ಮ್ಯಾಥ್‌ಕೋರ್ ಎಂದು ಹೆಸರು. ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಸಂಗೀತಗಳ ಸಂಗಮದಿಂದ ಹುಟ್ಟಿದ ಕವಲು ಅದು. 1997ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರೂಪುಗೊಂಡ ‘ದಿ ಡಿಲಿಂಜರ್ ಎಸ್ಕೇಪ್ ಪ್ಲ್ಯಾನ್’ ತಂಡವು 1999ರಲ್ಲಿ ಹೊರತಂದ ‘ಕ್ಯಾಲ್ಕ್ಯುಲೇಟಿಂಗ್ ಇನ್ಫಿನಿಟಿ’ ಈ ಪರಂಪರೆಯ ಆದಿಕೃತಿಗಳಲ್ಲೊಂದು. 2024ರಲ್ಲಿ ಅಂದಿನ ಗಾಯಕ ಡಿಮಿಟ್ರಿ ಮಿನಕಾಕಿಸ್ ತಂಡದೊಡನೆ ಪುನಃ ವೇದಿಕೆಯೇರಿ ಅದೇ ಆಲ್ಬಮನ್ನು ಹಾಡಿದ್ದರಿಂದ, 40 ನಿಮಿಷವೂ ತುಂಬದ ಈ ಕೃತಿ ಹೊಸ ತಲೆಮಾರಿಗೆ ಹೊಸದಾಗಿಯೇ ದೊರೆತಿದೆ.

ಈ ಸಂಗೀತದ ಲಯದ ಗಣಿತ ನಮಗೆ ಅಪರಿಚಿತವಲ್ಲ. ನಮ್ಮ ಸಂಗೀತದಲ್ಲಿ ಚತುರಶ್ರ ನಡೆಯ ಆದಿತಾಳದ ಒಂದು ಆವರ್ತಕ್ಕೆ 32 ಮಾತ್ರೆಗಳು. ಲಯದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲಿನ ವಿದ್ವಾಂಸನು ‘ತದಿಗಿಣತೊಂ’ ಎಂಬ ಐದಕ್ಷರದ ಸೊಲ್ಲನ್ನೇ ಎಡೆಬಿಡದೆ ನುಡಿಯುತ್ತ ಹೋದರೆ, ಸೊಲ್ಲಿನ ಮೊದಲೂ ತಾಳದ ಮೊದಲೂ ಮತ್ತೆ ಒಂದಾಗಲು ಐದು ಆವರ್ತಗಳು, ಎಂದರೆ 160 ಮಾತ್ರೆಗಳು, ಕಳೆಯಬೇಕು. ಅಲ್ಲಿಯವರೆಗೆ ಸೊಲ್ಲು ತಾಳವನ್ನು ತಪ್ಪಿಸಿ ಸಂಚರಿಸುವುದು. ಕೈಯಲ್ಲಿ ಹಾಕುತ್ತಿರುವ ತಾಳ ಮಾತ್ರ ಅಚಲ. ಮ್ಯಾಥ್‌ಕೋರ್‌ನಲ್ಲಿ ಅಂಥ ಅಚಲವಾದ ನೆಲೆಯೇ ಇಲ್ಲ. ಐದರ ಎಣಿಕೆಯ ಬೆನ್ನಿಗೆ ಏಳು, ಏಳರ ಬೆನ್ನಿಗೆ ನಾಲ್ಕು, ಹೀಗೆ ತಾಳವೇ ಹೆಜ್ಜೆಹೆಜ್ಜೆಗೂ ಬದಲಾಗಬಹುದು. ಹೊರಗಿನ ಆಸರೆಯಿಲ್ಲದ ವಾದಕರಿಗೆ ಉಳಿಯುವ ಆಧಾರ ಎರಡೇ: ಕಂಠಸ್ಥವಾದ ಲೆಕ್ಕ, ಮತ್ತು ಜೊತೆಯವನು ಲೆಕ್ಕ ತಪ್ಪನೆಂಬ ವಿಶ್ವಾಸ.

ಈ ವಿಶ್ವಾಸವೇ ಕೃತಿಯ ನಿಜವಾದ ಸತ್ತ್ವ. ‘43% ಬರ್ನ್ಟ್’ ಎಂಬ ಹಾಡಿನಲ್ಲಿ ಬೆನ್ ವೈನ್‌ಮನ್ನರ ಗಿಟಾರೂ ಕ್ರಿಸ್ ಪೆನ್ನಿಯವರ ಡ್ರಮ್ಮುಗಳೂ ಒಮ್ಮೆಲೇ ನಿಂತು, ಎಣಿಸಿಟ್ಟ ಮೌನವನ್ನು ಕಳೆದು, ಕೂದಲೆಳೆಯ ಅಂತರವೂ ಇಲ್ಲದೆ ಒಮ್ಮೆಲೇ ಎರಗುವುದನ್ನು ಗಮನಿಸಬೇಕು. ಉನ್ಮತ್ತರಿಂದ ಆಗತಕ್ಕ ಕೆಲಸವಲ್ಲ ಅದು. ಬಾಸ್ ವಾದಕ ಆಡಂ ಡಾಲ್ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ತೀವ್ರ ಪೆಟ್ಟಾಗಿ ನುಡಿಸಲಾರದಂತಾದಾಗ, ಆ ವಾದ್ಯದ ಹೊಣೆಯನ್ನೂ ವೈನ್‌ಮನ್ನರು ಹೊತ್ತು ಆಲ್ಬಮನ್ನು ಪೂರೈಸಿದರೆಂಬುದನ್ನು ನೆನೆದರೆ, ಈ ಒಗ್ಗಟ್ಟಿನ ಬೆಲೆ ಇನ್ನಷ್ಟು ತಿಳಿಯುತ್ತದೆ. ಆರ್ಭಟದ ನಡುವೆ ಅನಿರೀಕ್ಷಿತವಾಗಿ ತೆರೆದುಕೊಳ್ಳುವ ಜಾಸ್ ಛಾಯೆಯ ಮೃದುಭಾಗಗಳು ಬುದ್ಧಿಗೆ ವಿಶ್ರಾಂತಿಯನ್ನು ಕೊಡುತ್ತವೆ.

ದೋಷವಿಲ್ಲವೆಂದಲ್ಲ. ಗಾಯಕನ ಕಂಠವು ಆದ್ಯಂತ ರೌದ್ರವೊಂದನ್ನೇ ಆಶ್ರಯಿಸಿರುವುದರಿಂದ, ವಾದ್ಯಗಳಲ್ಲಿರುವ ವೈವಿಧ್ಯ ಧ್ವನಿಯಲ್ಲಿ ಇಲ್ಲ. ರೌದ್ರವು ರಸವೇ ಹೌದು. ಆದರೆ ಇತರ ಭಾವಗಳ ಸಂಸರ್ಗವಿಲ್ಲದ ಸ್ಥಾಯಿ ಬೇಗ ದಣಿಸುತ್ತದೆ.

ಇಂಥ ಸಂಗೀತ ನಮ್ಮ ನಾಡಿಗೆ ಪರಕೀಯವೆಂದು ಕೈಬಿಡುವುದು ಸರಿಯಲ್ಲ. ಸಂಕೀರ್ಣ ಲಯದ ಮೆಟಲ್ ನುಡಿಸುವ ಬೆಂಗಳೂರಿನ ‘ಎಕ್ಸೆಂಟ್ರಿಕ್ ಪೆಂಡ್ಯುಲಮ್’ ತಂಡ 2011ರಲ್ಲೇ ಜರ್ಮನಿಯ ವಾಕನ್ ಉತ್ಸವದ ವೇದಿಕೆಯನ್ನೇರಿತು. ಅದಕ್ಕೂ ಬಹು ಮೊದಲು, 1983ರಲ್ಲಿ, ಟಿ.ಎ.ಎಸ್. ಮಣಿಯವರ ಕರ್ನಾಟಕ ತಾಳವಾದ್ಯ ಕಾಲೇಜಿನ ಕಲಾವಿದರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬ ಆಲ್ಬಮನ್ನು ಧ್ವನಿಮುದ್ರಿಸಿ, ನಮ್ಮ ಲಯವಿದ್ಯೆಗೂ ಪಶ್ಚಿಮದ ಜಾಸ್‌ಗೂ ಸಖ್ಯ ಸಾಧ್ಯವೆಂದು ತೋರಿದ್ದರು. ಮೃದಂಗದ ವಿದ್ಯಾರ್ಥಿಯೂ, ನಗಾರಿ ಬಾರಿಸುವ ತಾಂಡಾದ ಯುವಕನೂ, ಗಿಟಾರು ಹಿಡಿದ ಪಟ್ಟಣದ ಹುಡುಗನೂ ಒಂದೇ ಕೊಠಡಿಯಲ್ಲಿ ಕುಳಿತು ಲೆಕ್ಕವನ್ನು ಹಂಚಿಕೊಳ್ಳುವಂತಾದರೆ, ಆ ಸಖ್ಯವು ಇನ್ನೂ ಮುಂದುವರಿದೀತು. ವಿಮರ್ಶಕನ ಪಾಲಿನ ಧರ್ಮವಾದರೋ ಸರಳವಾದುದು: ಅರ್ಥವಾಗದ ನಾದವನ್ನು ಗದ್ದಲವೆಂದು ತಳ್ಳುವ ಮುನ್ನ, ಬೆರಳು ಮಡಿಸಿ ಒಮ್ಮೆ ಎಣಿಸುವುದು, ಎಣಿಕೆ ಸಿಕ್ಕ ಮೇಲೂ ಹೃದಯ ಒಪ್ಪದಿದ್ದರೆ, ಆಗ ನಿರ್ಭೀತನಾಗಿ ಹಾಗೆಂದು ಹೇಳುವುದು.