ಊರು ಬಿಟ್ಟವರ ಮಾತು ಬರೆದಿಡೋಣ



ಪ್ರತಿ ಸೆಪ್ಟೆಂಬರ್ 17ರಂದು ಚಿಂಚೋಳಿ, ಸೇಡಂ, ಚಿತ್ತಾಪುರಗಳಲ್ಲಿ ಧ್ವಜ ಏರುತ್ತದೆ, ಭಾಷಣವಾಗುತ್ತದೆ. ಸ್ವಾಮಿ ರಮಾನಂದ ತೀರ್ಥರು, ಸರ್ದಾರ್ ಪಟೇಲರು, ಅತ್ತ ಖಾಸಿಂ ರಜ್ವಿ. ಕೇಳಿಬರುವ ಹೆಸರುಗಳು ಹೆಚ್ಚುಕಡಿಮೆ ಇಷ್ಟೇ. ಆದರೆ 1947-48ರಲ್ಲಿ ತ್ರಿವರ್ಣ ಧ್ವಜ ಹಿಡಿದು ಲಾಠಿ ತಿಂದವರು, ಮಕ್ಕಳು ಮರಿ ಕಟ್ಟಿಕೊಂಡು ರಾತ್ರೋರಾತ್ರಿ ಊರು ಬಿಟ್ಟವರು ಎಲ್ಲಿಗೆ ಹೋದರು, ಎಷ್ಟು ಮಂದಿ ತಿರುಗಿ ಬಂದರು ಎಂದು ಕೇಳಿದರೆ ಹಳ್ಳಿವಾರು ಲೆಕ್ಕ ಕೊಡುವವರಿಲ್ಲ.

1947ರ ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟ ಸೇರುವ ದಿನ ಆಚರಿಸಿದ ಮೇಲೆ ಬಂಧನಗಳು ಹೆಚ್ಚಿದವು, ಹಿಂದೆಯೇ ರಜಾಕಾರರ ಹಾವಳಿ ಬಂತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದಲ್ಲಿ ಸತ್ತವರ ಸಂಖ್ಯೆಯನ್ನು ಇಂದಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಡಿಯಾಚೆ ಸೊಲ್ಲಾಪುರ, ಗದಗ, ಮುಂಡರಗಿ ಕಡೆಗೆ ಹೋದವರಲ್ಲಿ ಕೆಲವರು ಅಲ್ಲೇ ನೆಲೆಸಿದರು. ಮೊಮ್ಮಕ್ಕಳು ಪುಣೆ, ಮುಂಬೈ ಸೇರಿದ್ದಾರೆ. ಆಗ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ತೊಂಬತ್ತರ ಹತ್ತಿರ.

ಕಲ್ಯಾಣದಿಂದ ಶರಣರು ಚದುರಿದಾಗ ವಚನದ ಕಟ್ಟುಗಳು ಉಳಿದವು. ಫ.ಗು. ಹಳಕಟ್ಟಿಯವರು ಓಲೆಗರಿ ಹುಡುಕಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಆದರೆ ಆ ಚದುರಾಟದ ಕಥೆ ಮಾತ್ರ ನಮಗೆ ಸಿಕ್ಕಿದ್ದು ಬಹುಕಾಲದ ನಂತರ ಬರೆದ ಪುರಾಣಗಳಿಂದ. 1948ರದ್ದೂ ಹಾಗಾಗಬೇಕೇ?

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ಪೊಲೀಸ್ ಕಾರ್ಯಾಚರಣೆಯ ಬಳಿಕ ನಮ್ಮ ಹಳ್ಳಿಗಳ ಮುಸಲ್ಮಾನರ ಮೇಲೂ ಕತ್ತಿ ಬಿತ್ತು. ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನ ಸತ್ತರೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ಆ ವರದಿಯನ್ನು ಸರ್ಕಾರ ಆಗ ಪ್ರಕಟಿಸಲಿಲ್ಲ. ರಜಾಕಾರರ ಪಾಪಕ್ಕೆ ನೆರೆಮನೆಯ ಪಿಂಜಾರ ಉತ್ತರ ಕೊಡಬೇಕಿತ್ತೇ? ಹೈದರಾಬಾದಿಗೆ ಹೋಗಿ ನೆಲೆಸಿದ ಆ ಮನೆತನಗಳ ಮಾತೂ ಅದೇ ಪುಸ್ತಕದಲ್ಲಿ ಬರಬೇಕು. ಒಂದು ಪಕ್ಷದ ದುಃಖ ಮಾತ್ರ ಬರೆದರೆ ಅದು ವಕೀಲರ ಅರ್ಜಿಯಾಗುತ್ತದೆ.

ಸರ್ವೆ ಕೆಲಸದಲ್ಲಿ ಫೀಲ್ಡ್ ಬುಕ್ಕಿಗೆ ರಬ್ಬರು ಮುಟ್ಟಿಸುವಂತಿಲ್ಲ. ತಪ್ಪಿದ ಅಂಕಿಗೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು, ಹಳೆಯದು ಓದಲು ಸಿಗಬೇಕು. ಇಲ್ಲಿಯೂ ಅದೇ ಶಿಸ್ತು ಸಾಕು. ಅಜ್ಜಿ ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಗುರುತು ಹಾಕಿ. ತಾರೀಖು ನೆನಪಿಲ್ಲದಿದ್ದರೆ ಜೋಳ ಕೊಯ್ಲಿಗೆ ಮೊದಲೋ ನಂತರವೋ ಕೇಳಿ. ಅವರ ಭಾಷೆಯನ್ನು ತಿದ್ದಬೇಡಿ. ಹೆಸರು ಬೇಡವೆಂದರೆ ಬಿಡಿ. ಕೊಂದವರ ಮೊಮ್ಮಕ್ಕಳೂ ಅದೇ ಊರಲ್ಲಿದ್ದಾರೆ.

ಜಾತ್ರೆಗೆ, ಮನೆದೇವರಿಗೆ ಎಂದು ದೂರದ ಊರುಗಳಿಂದ ಬರುವ ಮನೆತನಗಳ ವಿಳಾಸ ಮಠಗಳ ಭಕ್ತರ ಪಟ್ಟಿಯಲ್ಲಿ ಸಿಗುತ್ತದೆ. ಪೂಜ್ಯರು ಅಪ್ಪಣೆ ಕೊಟ್ಟರೆ ಈ ಸಲದ ಜಾತ್ರೆಯಲ್ಲೇ, ದಾಸೋಹದ ಮನೆಯ ಪಕ್ಕದ ಒಂದು ಕೋಣೆಯಲ್ಲಿ, ಮೊಬೈಲ್ ಹಿಡಿದ ಇಬ್ಬರು ಕಾಲೇಜು ಮಕ್ಕಳನ್ನು ಕೂರಿಸಬಹುದು.