ಗುಂಡಿ ಮುಚ್ಚಿದರೆ ಸಾಲದು, ಮುಚ್ಚಿದ್ದು ಉಳಿಯಬೇಕು

ದೆಹಲಿಯ ಲೋಕೋಪಯೋಗಿ ಇಲಾಖೆ 2025ರ ಜೂನ್ ತಿಂಗಳಲ್ಲಿ ಒಂದೇ ದಿನ 3,400ಕ್ಕೂ ಹೆಚ್ಚು ರಸ್ತೆ ಗುಂಡಿಗಳನ್ನು ಮುಚ್ಚಿದ್ದಾಗಿ ಪ್ರಕಟಿಸಿತು. ಅದಕ್ಕೂ ಮೊದಲು, 2024ರ ಸೆಪ್ಟೆಂಬರ್ ಕೊನೆಯಲ್ಲಿ, ಅಂದಿನ ಸರಕಾರದ ಸಚಿವರು ಬೆಳಗಿನ ಜಾವವೇ ರಸ್ತೆಗಿಳಿದು ದೀಪಾವಳಿಯೊಳಗೆ ನಗರವನ್ನು ಗುಂಡಿಮುಕ್ತ ಮಾಡುತ್ತೇವೆ ಎಂದಿದ್ದರು. ಸರಕಾರ ಬದಲಾಯಿತು, ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗಲಿಲ್ಲ. ಎಷ್ಟು ಗುಂಡಿ ಮುಚ್ಚಿದೆವು ಎಂದು ಎಲ್ಲರೂ ಹೇಳುತ್ತಾರೆ. ಮುಚ್ಚಿದ್ದರಲ್ಲಿ ಒಂದು ಮಳೆಗಾಲ ಕಳೆದ ಮೇಲೂ ಉಳಿದದ್ದೆಷ್ಟು ಎಂದು ಯಾರೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ಇದು ವಾಹನದ ಟೈರು, ಬೆನ್ನುನೋವುಗಳ ವಿಷಯ ಮಾತ್ರವಲ್ಲ. 2013ರಿಂದ 2017ರವರೆಗೆ ದೇಶದಲ್ಲಿ ರಸ್ತೆ ಗುಂಡಿಗಳಿಂದಾಗಿ 14,926 ಜನ ಸತ್ತರೆಂಬ ಅಂಕಿ ಅಂಶವನ್ನು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಮನಿಸಿ, ಗಡಿಯಲ್ಲಿ ಸಾಯುವವರಿಗಿಂತ ಈ ಸಂಖ್ಯೆ ಹೆಚ್ಚಿರಬಹುದೆಂದು ಕಳವಳಪಟ್ಟಿತ್ತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಹೀಗೆ ಸತ್ತವರು 1,856 ಮಂದಿ. ನಮ್ಮ ಪಕ್ಕದ ಫರೀದಾಬಾದಿನಲ್ಲೇ 2014ರಲ್ಲಿ, ಹೆದ್ದಾರಿಯ ನೀರು ತುಂಬಿದ ಗುಂಡಿಗೆ ಬೈಕು ಬಿದ್ದು, ಮೂರು ವರ್ಷದ ಮಗುವೊಂದು ತಂದೆ ತಾಯಿಯ ಕಣ್ಣೆದುರೇ ಪ್ರಾಣ ಬಿಟ್ಟಿತು. ಆ ತಂದೆ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನೋಯಿಡಾ, ಗುರುಗ್ರಾಮ, ಗಾಜಿಯಾಬಾದ್‌ಗಳಿಂದ ದಿನವೂ ದ್ವಿಚಕ್ರ ವಾಹನದಲ್ಲಿ ಕೆಲಸಕ್ಕೆ ಹೋಗಿ ಬರುವ ನಮ್ಮ ಹುಡುಗರು, ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಸಂಘದ ಸದಸ್ಯರು ಒಮ್ಮೆ ನೆನಪಿಸಿಕೊಳ್ಳಲಿ.

ಹಾಕಿದ ತೇಪೆ ಏಕೆ ಕಿತ್ತು ಬರುತ್ತದೆ? ಕಾರಣ ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ. ಡಾಂಬರು ರಸ್ತೆಯ ಮೊದಲ ಶತ್ರು ನೀರು. ದೆಹಲಿಯ ಬೇಸಿಗೆಯ 45 ಡಿಗ್ರಿ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ, ಜನವರಿಯ ಚಳಿಗೆ ಬಿರುಸಾಗುತ್ತದೆ. ವರ್ಷ ಕಳೆದಂತೆ ಮೇಲ್ಮೈಯಲ್ಲಿ ಸಣ್ಣ ಬಿರುಕು ಮೂಡುತ್ತದೆ. ಆ ಬಿರುಕಿನಿಂದ ಒಳಗಿಳಿದ ನೀರು ಕೆಳಗಿನ ಜಲ್ಲಿ, ಮಣ್ಣಿನ ಪದರವನ್ನು ಸಡಿಲಗೊಳಿಸುತ್ತದೆ. ಮೇಲೆ ಬಸ್ಸು ಲಾರಿಗಳ ಚಕ್ರ ಉರುಳಿದಾಗಲೆಲ್ಲ ಆ ನೀರು ಪಂಪಿನಲ್ಲಿ ಒತ್ತಿದಂತೆ ಹೊರಚಿಮ್ಮಿ, ಜೊತೆಗೆ ನುಣ್ಣನೆಯ ಮಣ್ಣನ್ನೂ ಎಳೆದು ತರುತ್ತದೆ. ಕೆಳಗೆ ಆಧಾರವಿಲ್ಲದ ಡಾಂಬರು ಕುಸಿಯುತ್ತದೆ. ಅದೇ ಗುಂಡಿ.

ಈಗ ನಮ್ಮ ಬೀದಿಗಳಲ್ಲಿ ದುರಸ್ತಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಲಾರಿ ಬರುತ್ತದೆ. ಗುಂಡಿಯಲ್ಲಿರುವ ಕೆಸರು, ಧೂಳಿನ ಮೇಲೆಯೇ ಡಾಂಬರು ಜಲ್ಲಿಯ ಮಿಶ್ರಣವನ್ನು ಸಲಿಕೆಯಿಂದ ಸುರಿಯುತ್ತಾರೆ. ಸಲಿಕೆಯ ಬೆನ್ನಿನಿಂದ ನಾಲ್ಕು ಬಾರಿ ತಟ್ಟುತ್ತಾರೆ. ಉಳಿದದ್ದನ್ನು ವಾಹನಗಳೇ ಒತ್ತಿಕೊಳ್ಳಲಿ ಎಂದು ಮುಂದಿನ ಗುಂಡಿಗೆ ಹೋಗುತ್ತಾರೆ. ಧೂಳಿಗೆ ಡಾಂಬರು ಅಂಟುವುದಿಲ್ಲ, ಅಂಚು ಮುಚ್ಚಿಲ್ಲವಾದ್ದರಿಂದ ನೀರು ಮತ್ತೆ ಅದೇ ದಾರಿಯಲ್ಲಿ ಇಳಿಯುತ್ತದೆ. ಮೊದಲ ಜೋರು ಮಳೆಗೆ ಜಲ್ಲಿ ರಸ್ತೆಯ ತುಂಬ ಚೆಲ್ಲಾಡುತ್ತದೆ. ಹೀಗೆ ಚೆಲ್ಲಿದ ಜಲ್ಲಿ ಸ್ಕೂಟರ್ ಸವಾರನಿಗೆ ಗುಂಡಿಗಿಂತ ಕಡಿಮೆ ಅಪಾಯವೇನಲ್ಲ.

ಸರಿಯಾದ ವಿಧಾನ ಗುಟ್ಟಿನ ವಿದ್ಯೆಯಲ್ಲ. ಗುಂಡಿಯ ಸುತ್ತಲಿನ ಸಡಿಲ ಭಾಗವನ್ನೆಲ್ಲ ಗಟ್ಟಿ ರಸ್ತೆ ಸಿಗುವವರೆಗೆ ಚೌಕಾಕಾರದಲ್ಲಿ, ಅಂಚು ನೆಟ್ಟಗಿರುವಂತೆ ಕತ್ತರಿಸಬೇಕು. ನೀರು, ಕೆಸರು, ಧೂಳು ತೆಗೆದು ಒಣಗಿಸಬೇಕು. ತಳಕ್ಕೂ ಪಕ್ಕಗಳಿಗೂ ತೆಳುವಾಗಿ ಡಾಂಬರಿನ ದ್ರವ ಬಳಿಯಬೇಕು. ಆಳವಿದ್ದರೆ ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ಯಂತ್ರದಿಂದ ಒತ್ತಬೇಕು. ಸುತ್ತಲ ರಸ್ತೆಗಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟು, ಕೊನೆಗೆ ಅಂಚಿನ ಸಂದುಗಳನ್ನು ಮುಚ್ಚಬೇಕು. ಬಿಸಿ ಮಿಶ್ರಣವನ್ನು ಬಿಸಿ ಇರುವಾಗಲೇ ಒತ್ತಿ ಮುಗಿಸಬೇಕು. ದೂರದ ಘಟಕದಿಂದ ಬಂದು, ಟ್ರಾಫಿಕ್ಕಿನಲ್ಲಿ ಸಿಕ್ಕಿ ತಣ್ಣಗಾದ ಮಿಶ್ರಣ ಎಷ್ಟು ಒತ್ತಿದರೂ ಕೂಡಿಕೊಳ್ಳುವುದಿಲ್ಲ. ತಣ್ಣಗಾದ ಹಿಟ್ಟಿನಿಂದ ಕಡುಬು ಕಟ್ಟಲು ಹೋದ ಹಾಗೆ.

ಇದನ್ನೆಲ್ಲ ಬರೆದಿಟ್ಟವರು ಯಾರು ಗೊತ್ತೇ? 1927ರ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಡಾಂಬರು ರಸ್ತೆಗಳ ನಿರ್ವಹಣೆಗೆಂದೇ ಅದರ ಸಂಹಿತೆಯಿದೆ, ಐಆರ್‌ಸಿ 82. ಅದನ್ನು 2015ರಲ್ಲಿ ಪರಿಷ್ಕರಿಸಲಾಗಿದೆ. ಚೀಲದಲ್ಲಿ ಬರುವ ಸಿದ್ಧ ಮಿಶ್ರಣಕ್ಕೂ ಪ್ರತ್ಯೇಕ ನಿಯಮವಿದೆ. ಆ ಸಂಸ್ಥೆಯ ಕಚೇರಿ ಇರುವುದು ರಾಮಕೃಷ್ಣಪುರಂನ ಆರನೇ ಸೆಕ್ಟರಿನಲ್ಲಿ. ನಮ್ಮ ದೆಹಲಿ ಕರ್ನಾಟಕ ಸಂಘ ಇರುವುದು ಅದೇ ರಾಮಕೃಷ್ಣಪುರಂನ ಹನ್ನೆರಡನೇ ಸೆಕ್ಟರಿನಲ್ಲಿ. ಇನ್ನು ದೇಶದ ರಸ್ತೆಗಳ ಸಂಶೋಧನೆಗೆಂದೇ ಇರುವ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಮಥುರಾ ರಸ್ತೆಯಲ್ಲಿದೆ. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಬಳಸಿ, ನೀರು ನಿಂತ ಗುಂಡಿಗೂ ಹಾಕಬಹುದಾದ 'ಇಕೋಫಿಕ್ಸ್' ಎಂಬ ಸಿದ್ಧ ಮಿಶ್ರಣವನ್ನು ಆ ಸಂಸ್ಥೆ ಅಭಿವೃದ್ಧಿಪಡಿಸಿದೆ. ನಿಯಮ ಬರೆಯುವವರೂ ಇಲ್ಲಿ, ಸಂಶೋಧನೆ ಮಾಡುವವರೂ ಇಲ್ಲಿ, ಗುಂಡಿಯೂ ಇಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ.

ಒಳ್ಳೆಯ ವಸ್ತು ಸಿಕ್ಕರೆ ಸಮಸ್ಯೆ ಮುಗಿಯಿತೇ? ಇಲ್ಲ. ಮುಂಬಯಿ ಮಹಾನಗರ ಪಾಲಿಕೆ ಹಿಂದೆ ಆಸ್ಟ್ರಿಯ, ಇಸ್ರೇಲ್‌ಗಳಿಂದ ಕೋಲ್ಡ್ ಮಿಕ್ಸ್ ತರಿಸಿತು. ಆಮೇಲೆ ವರ್ಲಿಯ ತನ್ನ ಘಟಕದಲ್ಲೇ ತಯಾರಿಸತೊಡಗಿತು. ಆದರೂ ಜೋರು ಮಳೆಯಲ್ಲಿ ಕಿತ್ತುಹೋಯಿತೆಂಬ ದೂರುಗಳು ನಿಲ್ಲಲಿಲ್ಲ. ವಸ್ತು ಎಷ್ಟು ಮುಖ್ಯವೋ ಹಾಕುವ ಕೈಯೂ ಅಷ್ಟೇ ಮುಖ್ಯ. ಹಾಗೆಂದು ಅಗ್ಗದ ಮಿಶ್ರಣಕ್ಕೆ ಜೋತು ಬೀಳುವುದೂ ಜಾಣತನವಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಕಂಡುಕೊಂಡದ್ದು ಇದನ್ನೇ: ಗುಂಡಿ ಮುಚ್ಚುವ ಖರ್ಚಿನಲ್ಲಿ ಮಿಶ್ರಣದ ಬೆಲೆ ಒಂದು ಪಾಲು ಮಾತ್ರ, ಕೂಲಿ, ಲಾರಿ, ಸಂಚಾರ ತಡೆಯುವ ಖರ್ಚು ಇನ್ನೊಂದು ದೊಡ್ಡ ಪಾಲು; ಆದ್ದರಿಂದ ಬಾಳಿಕೆ ಬರುವ ದುಬಾರಿ ಮಿಶ್ರಣವೇ ಕೊನೆಗೆ ಅಗ್ಗ. ಒಂದೇ ಗುಂಡಿಗೆ ಮೂರು ಬಾರಿ ಲಾರಿ ಕಳಿಸಿದರೆ ಕೂಲಿಯೂ ಮೂರು, ಡೀಸೆಲ್ಲೂ ಮೂರು, ಬಿಲ್ಲೂ ಮೂರು. ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ನಮ್ಮ ಹಿರಿಯರು. ಇಲ್ಲಿ ಅಳೆಯುವವರೇ ಇಲ್ಲ.

ದೆಹಲಿಗೆ ಬೇರೆ ಊರುಗಳಿಗಿಲ್ಲದ ಇನ್ನೊಂದು ತೊಡಕಿದೆ, ಅದು ಕಾಲದ್ದು. ಮುಂಗಾರು ಇಲ್ಲಿಗೆ ಸಾಮಾನ್ಯವಾಗಿ ಜೂನ್ 27ರ ಸುಮಾರಿಗೆ ಬಂದು ಸೆಪ್ಟೆಂಬರ್ 25ರ ಸುಮಾರಿಗೆ ಹೊರಡುತ್ತದೆ. ಬಂದ ದಿನವೇ ಅಬ್ಬರಿಸಬಹುದು: 2024ರ ಜೂನ್ 28ರಂದು ಸಫ್ದರ್‌ಜಂಗ್‌ನಲ್ಲಿ 24 ಗಂಟೆಗಳಲ್ಲಿ 228 ಮಿ.ಮೀ. ಮಳೆ ಸುರಿಯಿತು. ಮಳೆ ಹೋದ ಮೇಲೆ ದುರಸ್ತಿ ಮಾಡೋಣವೆಂದರೆ ಹೊಗೆಯ ಕಾಲ ಬಾಗಿಲಲ್ಲಿ ನಿಂತಿರುತ್ತದೆ. ವಾಯುಮಾಲಿನ್ಯ ತಡೆಗೆ 2017ರಲ್ಲಿ ಜಾರಿಗೆ ಬಂದ 'ಗ್ರಾಪ್' ಯೋಜನೆಯಲ್ಲೇ ಹಾಟ್ ಮಿಕ್ಸ್ ಘಟಕಗಳನ್ನು ನಿಲ್ಲಿಸುವ ಕ್ರಮವಿತ್ತು. ಈಗಲೂ ಅದರ ಮೂರನೇ ಹಂತ ಜಾರಿಯಾದರೆ ಜಲ್ಲಿ ಕ್ರಷರುಗಳು ನಿಲ್ಲುತ್ತವೆ, ಧೂಳೆಬ್ಬಿಸುವ ಕಾಮಗಾರಿಗಳಿಗೆ ಕಡಿವಾಣ ಬೀಳುತ್ತದೆ. ಆ ಹಂತ 2023ರಲ್ಲಿ ನವೆಂಬರ್ 2ಕ್ಕೆ, 2024ರಲ್ಲಿ ನವೆಂಬರ್ 15ಕ್ಕೆ, 2025ರಲ್ಲಿ ನವೆಂಬರ್ 11ಕ್ಕೆ ಬಂತು. ಅಂದರೆ ನೆಟ್ಟಗೆ ದುರಸ್ತಿ ಮಾಡಲು ಸಿಗುವುದು ಅಕ್ಟೋಬರ್ ತಿಂಗಳೊಂದೇ ಎಂದರೂ ತಪ್ಪಿಲ್ಲ. ಆ ತಿಂಗಳಲ್ಲಿ ದಸರೆಯೂ ಬರಬಹುದು, ದೀಪಾವಳಿಯೂ ಬರಬಹುದು. ಟೆಂಡರು ಕರೆಯಲು ಅಕ್ಟೋಬರಿನಲ್ಲಿ ಕುಳಿತರೆ ಕೆಲಸ ಮುಂದಿನ ವರ್ಷಕ್ಕೇ. ಎಲ್ಲ ಕಾಗದ ಪತ್ರ ಆಗಸ್ಟಿನಲ್ಲೇ ಮುಗಿದಿರಬೇಕು.

ಇಲ್ಲೊಂದು ವಿಚಿತ್ರವೂ ಇದೆ. ಧೂಳು ಏಳುತ್ತದೆಂದು ಕೆಲಸ ನಿಲ್ಲಿಸುತ್ತೇವೆ. ಆದರೆ ಐಐಟಿ ಕಾನ್ಪುರದ 2016ರ ಅಧ್ಯಯನ ದೆಹಲಿಯ ಗಾಳಿಯಲ್ಲಿನ ಪಿಎಂ 10 ಕಣಗಳಲ್ಲಿ ಶೇ. 56ರಷ್ಟಕ್ಕೆ ರಸ್ತೆಯ ಧೂಳೇ ಮೂಲವೆಂದು ಹೇಳಿತ್ತು. ಕಿತ್ತ ರಸ್ತೆಯೇ ಧೂಳಿನ ಗಣಿ. ಅಕ್ಟೋಬರಿನಲ್ಲಿ ಮುಚ್ಚದ ಗುಂಡಿ ನವೆಂಬರಿನಲ್ಲಿ ನಮ್ಮ ಮಕ್ಕಳ, ಮುದುಕರ ಎದೆಗೂಡಿಗೆ ಇಳಿಯುತ್ತದೆ. ಗುಂಡಿಯನ್ನೂ ಕೆಮ್ಮನ್ನೂ ಬೇರೆ ಬೇರೆ ಇಲಾಖೆಗಳ ಕಡತವೆಂದು ನೋಡುವುದು ಬಿಡಬೇಕು.

ಕೆಲವರು ಕೇಳಬಹುದು, ಎಲ್ಲ ರಸ್ತೆಗೂ ಕಾಂಕ್ರೀಟ್ ಹಾಕಿಬಿಟ್ಟರಾಯಿತಲ್ಲ ಎಂದು. ಬೆಂಗಳೂರಿನ ವೈಟ್ ಟಾಪಿಂಗನ್ನು ಉದಾಹರಣೆ ಕೊಡುವವರಿದ್ದಾರೆ. ದೊಡ್ಡ ರಸ್ತೆಗಳಿಗೆ ಅದು ಸರಿಯಿರಬಹುದು. ಆದರೆ ನಮ್ಮ ಕಾಲೊನಿಗಳ ರಸ್ತೆಯಡಿ ನೀರಿನ ಕೊಳವೆ, ಒಳಚರಂಡಿ, ಗ್ಯಾಸಿನ ಪೈಪು, ವಿದ್ಯುತ್ ಕೇಬಲ್ಲು ಎಲ್ಲವೂ ಇವೆ. ಒಂದು ಸೋರಿದರೂ ಕಾಂಕ್ರೀಟನ್ನು ಒಡೆಯಬೇಕು, ಮತ್ತೆ ಕೂಡಿಸುವುದು ಡಾಂಬರಿಗಿಂತ ಕಷ್ಟ. ಬೆಂಗಳೂರಿನಿಂದ ಕಲಿಯಬೇಕಾದ ಪಾಠ ನಿಜವಾಗಿ ಬೇರೆ. ಅಲ್ಲಿ ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮೊದಲಾದೆಡೆ 'ಟೆಂಡರ್ ಶ್ಯೂರ್' ಮಾದರಿಯಲ್ಲಿ ಕೇಬಲ್ಲು ಕೊಳವೆಗಳಿಗೆ ಮೊದಲೇ ದಾರಿ ಬಿಟ್ಟು, ಮತ್ತೆ ಮತ್ತೆ ಅಗೆಯದಂತೆ ರಸ್ತೆ ಕಟ್ಟಿದರು. ಗುಂಡಿಗಳ ಒಂದು ದೊಡ್ಡ ಪಾಲು ಮಳೆಯಿಂದಲ್ಲ, ಅಗೆದು ಸರಿಯಾಗಿ ಮುಚ್ಚದ್ದರಿಂದ ಹುಟ್ಟುವುದು. ಅಗೆದ ಕಾಲುವೆಗೆ ಮಣ್ಣನ್ನು ಪದರವಾಗಿ ಒತ್ತದೆ ಒಮ್ಮೆಗೇ ತಳ್ಳಿ ಮೇಲೆ ಡಾಂಬರು ಬಳಿದರೆ, ಮೊದಲ ಮಳೆಗೆ ಅದು ಕುಳಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕೆಲವರು ಅಧಿಕಾರಿಗಳ ಪರವಾಗಿ ಹೇಳುವ ಮಾತೂ ಇದೆ: ಮಳೆ ಸುರಿಯುತ್ತಿರುವಾಗ ಚೌಕ ಕತ್ತರಿಸಿ ಒಣಗಿಸಲು ಹೇಗೆ ಸಾಧ್ಯ, ಆ ಕ್ಷಣಕ್ಕೆ ಏನಾದರೂ ತುಂಬಿ ಜೀವ ಉಳಿಸಬೇಡವೇ? ಖಂಡಿತ ತುಂಬಲಿ. ಆದರೆ ಅದನ್ನು ತಾತ್ಕಾಲಿಕ ಎಂದೇ ದಾಖಲೆಯಲ್ಲಿ ಬರೆಯಲಿ. ಮಳೆ ನಿಂತ ಮೇಲೆ ಅದೇ ಜಾಗಕ್ಕೆ ಮರಳಿ ಬಂದು ಸರಿಯಾಗಿ ಮಾಡಲಿ. ಈಗ ಆಗುತ್ತಿರುವ ಅನ್ಯಾಯವೆಂದರೆ ತಾತ್ಕಾಲಿಕ ತೇಪೆಯೇ ಕಾಯಂ ಲೆಕ್ಕಕ್ಕೆ ಸೇರುತ್ತಿರುವುದು.

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿರಲಿ. ಪ್ರತಿಯೊಂದು ತೇಪೆಗೂ ಜಾಗ, ದಿನಾಂಕ, ಗುತ್ತಿಗೆದಾರನ ಹೆಸರು ದಾಖಲಾಗಲಿ. ಒಂದು ಪೂರ್ತಿ ಮಳೆಗಾಲ ಬಾಳಿದ ಮೇಲೆಯೇ ಹಣದ ಕೊನೆಯ ಕಂತು ಸಿಗಲಿ; ಕಿತ್ತರೆ ಅವನ ಖರ್ಚಿನಲ್ಲೇ ಮತ್ತೆ ಮುಚ್ಚಲಿ. ಒಂದೇ ಜಾಗದಲ್ಲಿ ಎರಡನೇ ಬಾರಿ ಗುಂಡಿ ಬಿದ್ದರೆ ಡಾಂಬರು ಸುರಿಯುವ ಮೊದಲು ಚರಂಡಿ ಕಟ್ಟಿದೆಯೇ, ಪೈಪು ಸೋರುತ್ತಿದೆಯೇ ಎಂದು ನೋಡಲಿ. ವರ್ಷದ ಕೊನೆಗೆ ಇಲಾಖೆ ಪ್ರಕಟಿಸುವುದು ಮುಚ್ಚಿದ ಗುಂಡಿಗಳ ಸಂಖ್ಯೆಯನ್ನಲ್ಲ, ಉಳಿದ ತೇಪೆಗಳ ಸಂಖ್ಯೆಯನ್ನು.

ಕಾನೂನು ನಮ್ಮ ಪರವಾಗಿದೆ. ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲಿ ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ಹೇಳಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮು, ರಸ್ತೆಯ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. 2025ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್, ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ಕನ್ನಡ ಸಂಘಕ್ಕೂ ಗುಂಡಿಗೂ ಏನು ಸಂಬಂಧ, ರಾಜ್ಯೋತ್ಸವ, ಯಕ್ಷಗಾನ, ನಾಟಕ ಮಾಡಿಕೊಂಡಿರೋಣ ಎನ್ನುವವರಿಗೆ ಒಂದು ಮಾತು. ಆ ನಾಟಕ ನೋಡಲು ಜನ ಬರುವುದು ಇದೇ ರಸ್ತೆಯಲ್ಲಿ. ಸಂಜೆ ಕಾರ್ಯಕ್ರಮ ಮುಗಿಸಿ ಕತ್ತಲಲ್ಲಿ ದ್ವಾರಕಾಕ್ಕೋ ಮಯೂರ ವಿಹಾರಕ್ಕೋ ಮರಳುವ ವಯಸ್ಸಾದವರು ನಮ್ಮವರೇ. ದೆಹಲಿಯಲ್ಲಿ 60 ಅಡಿ ಮತ್ತು ಅದಕ್ಕೂ ಅಗಲದ ರಸ್ತೆಗಳು ಲೋಕೋಪಯೋಗಿ ಇಲಾಖೆಯವು, ಕಾಲೊನಿಯೊಳಗಿನವು ಹೆಚ್ಚಾಗಿ ಮಹಾನಗರ ಪಾಲಿಕೆಯವು, ಹೊಸದೆಹಲಿ ಪ್ರದೇಶ ಎನ್‌ಡಿಎಂಸಿಯದು, ದಂಡು ಪ್ರದೇಶ ಬೇರೆ, ಗಡಿ ದಾಟಿದರೆ ನೋಯಿಡಾ ಪ್ರಾಧಿಕಾರ, ಗುರುಗ್ರಾಮ ಪಾಲಿಕೆ. ಒಬ್ಬೊಬ್ಬರೇ ದೂರು ಕೊಟ್ಟರೆ ಇದು ನಮ್ಮ ರಸ್ತೆಯಲ್ಲ ಎಂಬ ಉತ್ತರ ಬರುತ್ತದೆ. ಸಂಘವೊಂದು ಯಾವ ರಸ್ತೆ ಯಾರದೆಂದು ಪಟ್ಟಿ ಮಾಡಿ, ಫೋಟೊ ಮತ್ತು ದಿನಾಂಕದೊಂದಿಗೆ 'ಎಂಸಿಡಿ 311' ಆ್ಯಪಿನಲ್ಲೋ ಪತ್ರದ ಮೂಲಕವೋ ದೂರು ಸಲ್ಲಿಸಿ, ಮೂರು ತಿಂಗಳ ನಂತರ ಅದೇ ಜಾಗದ ಫೋಟೊ ತೆಗೆದು, ಮಾಹಿತಿ ಹಕ್ಕು ಕಾಯ್ದೆಯಡಿ ಬಿಲ್ಲಿನ ಪ್ರತಿ ಕೇಳಿದರೆ ಉತ್ತರ ಬೇರೆಯಾಗುತ್ತದೆ. ನಮ್ಮಲ್ಲಿ ನಿವೃತ್ತ ಇಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ಕಡತ ಓದಬಲ್ಲ ಸರಕಾರಿ ನೌಕರರಿದ್ದಾರೆ. ಅವರ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ, ದೇಶಕ್ಕೆಲ್ಲ ಇಂಜಿನಿಯರುಗಳ ದಿನ. ಮಳೆ ಹೊರಡಲು ಇನ್ನು ಹತ್ತೇ ದಿನ ಎನ್ನುವ ಹೊತ್ತಿಗೆ ಆ ದಿನ ಬರುತ್ತದೆ. ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುವುದರ ಜೊತೆಗೆ, ಆ ದಿನ ರಸ್ತೆ ಸಂಶೋಧನಾ ಸಂಸ್ಥೆಯಿಂದ ಒಬ್ಬ ತಜ್ಞರನ್ನೂ ಲೋಕೋಪಯೋಗಿ ಇಲಾಖೆಯಿಂದ ಒಬ್ಬ ಇಂಜಿನಿಯರನ್ನೂ ಸಂಘಕ್ಕೆ ಕರೆದು, ನಮ್ಮ ಪಟ್ಟಿಯನ್ನು ಅವರ ಮುಂದಿಡೋಣ. ಅಕ್ಟೋಬರಿನಲ್ಲಿ ಎಲ್ಲೆಲ್ಲಿ ಕೆಲಸ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ಗೌರವದಿಂದಲೇ ಕೇಳೋಣ. ಮುಂದಿನ ಸೆಪ್ಟೆಂಬರಿಗೆ ಅವರನ್ನೇ ಮತ್ತೆ ಕರೆದು, ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಅದೇ ಪಟ್ಟಿ ಹಿಡಿದು ಎಣಿಸೋಣ.